ಹಳದಿ ನೀರು

ಮಾಳಿಗೆಯ ಮೇಲೆ ಗಾಜಿಗೆ ಗಾಜು ತಾಗಿದ ಸದ್ದು ಮತ್ತೊಮ್ಮೆ ಕೇಳಿಸಿತು. ಮುನಿಯಕ್ಕ ಮೆಟ್ಟಿಲ ನಡುವೆ ನಿಂತು ಕಿವಿಗೊಟ್ಟಳು. ಕೆಳಗಿನ ಕೋಣೆಯಲ್ಲಿ ಸೊಸೆ ವೇಣಿ ಮಲಗಿದ್ದಳು. ಐದನೇ ತಿಂಗಳು. ಹಿಂದೆ ಎರಡು ಸಲ ಬಸಿರು ನಿಲ್ಲದ ಕಾರಣ ಈ ಬಾರಿ ಡಾಕ್ಟರು ಕಂಪನಿಗೆ ಹೋಗುವುದೇ ಬೇಡವೆಂದು ರಜೆ ಹಾಕಿಸಿದ್ದರು. ಮುನಿಯಕ್ಕ ದೇವರ ಮುಂದೆ ದೀಪ ಹಚ್ಚಿ, ಮಾಳಿಗೆ ರೂಮಿನ ಬಾಡಿಗೆಯವಳಿಗೆ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಎರಡು ಸಲ ಹೇಳಿಕೊಂಡು ಹೊರಟಿದ್ದಳು. ತಿಂಗಳ ಕೊನೆಗೆ ರೂಮು ಖಾಲಿ ಮಾಡು, ಅಷ್ಟೇ.

ಕುಂದಲಹಳ್ಳಿಯಲ್ಲಿ ಹಳತಾದ ದೇವರ ಪಟವನ್ನು ಯಾರೂ ಕಸಕ್ಕೆ ಹಾಕುವವರಲ್ಲ. ಒಡೆದದ್ದನ್ನು ಮನೆಯಲ್ಲಿ ಇಟ್ಟುಕೊಳ್ಳುವಂತೆಯೂ ಇಲ್ಲ. ಅರಳಿಕಟ್ಟೆಗೆ ಒಯ್ದು, ಮರದ ಬುಡಕ್ಕೆ ಒರಗಿಸಿ, ಕೈಮುಗಿದು ಹಿಂದಿರುಗಿ ನೋಡದೆ ಬರುತ್ತಾರೆ. ಆಮೇಲಿನದು ಮಳೆಗೂ ಬಿಸಿಲಿಗೂ ಬಿಟ್ಟದ್ದು. ಹೊಲಗಳಿದ್ದಲ್ಲಿ ಅಪಾರ್ಟ್‌ಮೆಂಟುಗಳು ಎದ್ದ ಮೇಲೆ ಕಟ್ಟೆಗೆ ಬರುವ ದೇವರುಗಳೂ ಹೆಚ್ಚಾಗಿದ್ದವು. ಈ ತಿಂಗಳು ಅವು ಒಂದೊಂದಾಗಿ ಕಾಣೆಯಾಗತೊಡಗಿದವು. ಒಯ್ಯುತ್ತಿರುವವಳು ಮಾಳಿಗೆ ರೂಮಿನ ದೇವಕ್ಕನೇ ಎಂದು ಮುನಿಯಕ್ಕನಿಗೆ ತಿಳಿಸಿದವನು ಕಟ್ಟೆಯೆದುರು ಹೂವು ಮಾರುವ ನಲ್ಲಪ್ಪ. ಸಿಮೆಂಟಿನ ಚೀಲದಲ್ಲಿ ತುಂಬಿಕೊಂಡು ಹೋಗುತ್ತಾಳಂತೆ.

"ಕದ್ದೋರಂಗೆ ಓಗಲ್ಲ ಕಣಕ್ಕ," ಎಂದಿದ್ದ ಅವನು. "ಕೈಮುಗಿದು ತಗೊಂಡೋಯ್ತಾಳೆ. ಅದೇ ನಂಗೆ ಭಯ."

ದೇವಕ್ಕ, ಅವಳ ಗಂಡ ಯಮನಪ್ಪ ಯಾದಗಿರಿ ಕಡೆಯವರು. ಅವನು ಟೆಕ್ ಪಾರ್ಕಿನ ಕಟ್ಟಡದಲ್ಲಿ ಕಾಂಕ್ರೀಟಿಗೆ ಹಲಗೆ ಕಟ್ಟುವ ಸೆಂಟ್ರಿಂಗ್ ಕೆಲಸಕ್ಕೆ ಹೋಗುತ್ತಿದ್ದ. ಬಂದು ಒಂದು ವರ್ಷವಾಗಿತ್ತು. ಸೈಟಿನಲ್ಲಿ ಎಸೆದ ಪೇಂಟಿನ ಡಬ್ಬಗಳಿಗೆ ಅವಳು ಕಾದ ಕಂಬಿಯಿಂದ ತೂತು ಕೊರೆದು ಮೆಣಸು, ಬದನೆ ಹಾಕಿದ್ದಳು. ನೀರಿನ ಬಾಟಲಿಗಳನ್ನು ತಲೆಕೆಳಗಾಗಿ ಕಟ್ಟಿ, ಹನಿ ಹನಿಯಾಗಿ ಬುಡಕ್ಕೆ ಇಳಿಯುವ ಹಾಗೆ ಮಾಡಿದ್ದಳು. ಮೊದಮೊದಲು ಮುನಿಯಕ್ಕ ಬಂದವರಿಗೆಲ್ಲ ಅದನ್ನು ತೋರಿಸಿ ಹೊಗಳಿದವಳೇ. ನಲ್ಲಪ್ಪನ ಮಾತು ಕಿವಿಗೆ ಬಿದ್ದ ಮೇಲೆ ಅದೇ ಬಾಟಲಿಗಳು ಮಾಟಕ್ಕೆ ನೇತುಹಾಕಿದ ಯಾವುದೋ ಕಟ್ಟಿನಂತೆ ಕಂಡವು. ಮೋರಿಯಲ್ಲಿ ಅರಿಸಿನದ ನೀರು ಹರಿದದ್ದು ಕಂಡಿತು. ಬುಡಗಳಲ್ಲಿ ಪುಡಿಮಾಡಿದ ಮೊಟ್ಟೆಯ ಚಿಪ್ಪು ಕಂಡಿತು. ವೇಣಿಯ ಮೊದಲನೆಯದು ಹೋದಾಗ ದೇವಕ್ಕ ಈ ಊರಿಗೇ ಬಂದಿರಲಿಲ್ಲ. ಆ ಲೆಕ್ಕ ಮುನಿಯಕ್ಕನಿಗೆ ಗೊತ್ತಿತ್ತು, ಆದರೆ ಅದನ್ನು ಅವಳು ಹತ್ತಿರಕ್ಕೆ ಬಿಟ್ಟುಕೊಳ್ಳಲಿಲ್ಲ.

ವೇಣಿ ಮಾತ್ರ ನಕ್ಕುಬಿಟ್ಟಿದ್ದಳು. ಮೊಟ್ಟೆಚಿಪ್ಪು ಗಿಡಕ್ಕೆ ಗೊಬ್ಬರ, ಇಂಟರ್ನೆಟ್ಟಿನಲ್ಲಿ ಎಲ್ಲರೂ ಇದನ್ನೇ ಹೇಳುತ್ತಾರೆ ಎಂದಿದ್ದಳು. ಹಾಗೆ ನಕ್ಕವಳು ಮಾರನೆಯ ದಿನದಿಂದ ಮಾಳಿಗೆಗೆ ಹತ್ತುವುದನ್ನು ತಾನಾಗಿಯೇ ನಿಲ್ಲಿಸಿದಳು.

ಮುನಿಯಕ್ಕ ಮೇಲೆ ಹತ್ತಿದಾಗ ದೇವಕ್ಕ ಕುಕ್ಕರಗಾಲಿನಲ್ಲಿ ಕೂತು, ಒಂದು ಚೌಕಟ್ಟಿನ ಮೊಳೆಗಳನ್ನು ಇಕ್ಕಳದಿಂದ ಕೀಳುತ್ತಿದ್ದಳು. ಒರೆಸಿದ ಗಾಜುಗಳು ಪಕ್ಕದಲ್ಲಿದ್ದವು. ಮರದ ಪ್ಯಾಕಿಂಗ್ ಪೆಟ್ಟಿಗೆಯೊಳಗೆ ಬೆರಳುದ್ದದ ಟೊಮೆಟೊ ಸಸಿಗಳು, ಅವುಗಳ ಮೇಲೆ ಮುಚ್ಚಳದ ಹಾಗೆ ಎರಡು ಗಾಜು. ಆಚೆ ನೀಲಿ ಬಕೀಟಿನ ಹಳದಿ ನೀರಿನಲ್ಲಿ ಪಟದಿಂದ ಬಿಚ್ಚಿದ ಲಕ್ಷ್ಮಿ ಅಂಗಾತ ತೇಲುತ್ತಿದ್ದಳು. ಸೀರೆಯ ಕೆಂಪು ನೀರಿಗೆ ಬಿಟ್ಟುಕೊಂಡಿತ್ತು.

"ಪಾರಿವಾಳ ಸಸಿ ಚಿವುಟ್ತಾವ್ರಿ ಅಮ್ಮಾರೆ, ಅದಕ್ಕ ಗ್ಲಾಸ್ ಮುಚ್ಚೀನಿ," ಎಂದು ದೇವಕ್ಕ ಎದ್ದು ನಿಂತಳು.

"ಗಾಜು ಓಗ್ಲಿ. ದೇವ್ರುನ್ನ ಅರಿಸ್ನದ ನೀರ್ನಾಗೆ ಮುಳುಗ್ಸಿದ್ದೀಯಲ್ಲ, ಅದ್ಯಾರ್ ಮೇಲೆ ಮಾಡಾಕೆ?"

ದೇವಕ್ಕನಿಗೆ ಮಾತು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ಅವಳು ಮುನಿಯಕ್ಕನನ್ನು ನೋಡಲಿಲ್ಲ, ಕೆಳಗೆ ವೇಣಿಯ ಕೋಣೆಯ ಕಡೆಗೆ ಇಳಿಯುವ ಮೆಟ್ಟಿಲನ್ನು ನೋಡಿದಳು.

"ನಮ್ಮ ಕಡಿ ಭೀಮಾ ಹೊಳಿಗಿ ಬಿಡ್ತೀವ್ರಿ," ಎಂದಳು ಮೆಲ್ಲಗೆ. "ಇಲ್ಲಿ ಕೆರಿ ನೋಡಿ ಬಂದೆ. ಬರೇ ನೊರಿ, ನಾತ. ಅದರಾಗ ದೇವರನ್ನ ಬಿಡ್ಲಿಕ್ಕ ಮನಸ್ಸಾಗ್ಲಿಲ್ರಿ."

ಮೂರು ದಿನ ನೆನೆದರೆ ಕಾಗದ ತಾನಾಗಿ ಕರಗುತ್ತದೆ. ಅದನ್ನು ಮಣ್ಣಿನಲ್ಲಿ ಕಲೆಸಿ ತುಳಸಿಯ ಬುಡಕ್ಕೆ ಹಾಕುತ್ತಾಳೆ. ಚೌಕಟ್ಟಿನ ಪಟ್ಟಿಗಳು ಹೀರೆಬಳ್ಳಿಗೆ ಹಂದರವಾಗುತ್ತವೆ. ಅಷ್ಟನ್ನು ಹೇಳಿ ಅವಳು ಬಕೀಟನ್ನು ಮುಂದಕ್ಕೆ ಸರಿಸಿದಳು. ಮುನಿಯಕ್ಕ ನಂಬಲಿಲ್ಲ. ಬಕೀಟಿನ ಪಕ್ಕ ಕೂತು ಮೊಣಕೈವರೆಗೆ ಕೈ ಇಳಿಸಿ ತಳವನ್ನೆಲ್ಲ ತಡಕಿದಳು. ಕೂದಲೋ, ನಿಂಬೆಹಣ್ಣೋ, ಹೆಸರು ಬರೆದ ಚೀಟಿಯೋ ಸಿಕ್ಕೀತು ಎಂದು. ಸಿಕ್ಕಿದ್ದು ರಟ್ಟಿನ ಮುದ್ದೆ, ತುಕ್ಕು ಹಿಡಿದ ಒಂದು ಪಿನ್ನು.

ಏಳುವಾಗ ಗೋಡೆಗೆ ಒರಗಿಸಿದ ಇನ್ನೊಂದು ಪಟ ಕಂಡಿತು. ವೆಂಕಟರಮಣಸ್ವಾಮಿ. ಗಾಜಿನ ಮೇಲೆ ಮುನಿಯಕ್ಕನ ಅತ್ತೆ ಶನಿವಾರ ಶನಿವಾರ ಇಟ್ಟ ಕುಂಕುಮ ಗಂಟು ಕಟ್ಟಿ ಕೂತಿತ್ತು. ಮಗ ಒಳಗೆ ಬಲ್ಬು ಉರಿಯುವ ಹೊಸ ಪಟ ತಂದಾಗ, ಇದನ್ನು ಮುಂಜಾನೆ ಕಟ್ಟೆಗೆ ಒಯ್ದು ಇಟ್ಟವಳು ಮುನಿಯಕ್ಕನೇ. ಆಗಲೂ ಇದಕ್ಕೆ ಒಂದು ಸಣ್ಣ ಬಿರುಕೂ ಇರಲಿಲ್ಲ.

"ಅದು ಒಡದಿಲ್ರಿ," ಎಂದಳು ದೇವಕ್ಕ. "ಬಿಚ್ಚಲಿಕ್ಕ ಕೈ ಬರ್ಲಿಲ್ಲ. ಯಾರೋ ಮರತು ಬಿಟ್ಟು ಹೋಗ್ಯಾರ."

ಇವಳಿಗೆ ಗೊತ್ತಿದೆಯೇ? ಗೊತ್ತಿದ್ದೇ ಹೀಗೆ ಹೇಳುತ್ತಿದ್ದಾಳೆಯೇ? ಮುನಿಯಕ್ಕ ಆ ಮುಖವನ್ನು ಬಹಳ ಹೊತ್ತು ನೋಡಿದಳು. ಅಲ್ಲಿ ಬಿಸಿಲು, ಬೆವರು, ರೂಮು ಹೋಗುತ್ತದೆಂಬ ಹೆದರಿಕೆ ಬಿಟ್ಟರೆ ಬೇರೇನೂ ಕಾಣಲಿಲ್ಲ. ಕಾಣಲಿಲ್ಲವೆಂದೇ ಅನುಮಾನ ಇನ್ನಷ್ಟು ಬಲಿಯಿತು. ರೂಮು ಬಿಡಿಸಿದರೆ ಇವಳು ಈ ಪಟದ ಮಾತನ್ನು ಊರಿಗೆಲ್ಲ ಹೇಳಿಯಾಳು ಎನಿಸಿತು. ಕೊನೆಗೆ ಬಾಗಿ ಪಟವನ್ನು ಎತ್ತಿ ಸೆರಗಿನೊಳಗೆ ಇಟ್ಟುಕೊಂಡಳು. ಹಾಗೆಯೇ ಕೆಳಗಿಳಿದಳು.

ಮೆಟ್ಟಿಲ ಬುಡದಲ್ಲಿ ವೇಣಿ ಎದ್ದು ಬಂದು ನಿಂತಿದ್ದಳು.

"ಖಾಲಿ ಮಾಡೋಕ್ ಹೇಳಿದ್ರಾ ಅತ್ತೆ?"

"ಇಲ್ಲ. ಇರ್ಲಿ ಬಿಡು, ಇದ್ದೋಗ್ಲಿ."

ವೇಣಿಯ ಕಣ್ಣು ಅತ್ತೆಯ ಬಲಗೈ ಮೇಲೆ ನಿಂತಿತ್ತು. ಮೊಣಕೈವರೆಗೆ ಹಳದಿ, ಬೆರಳ ಸಂದಿಯಲ್ಲಿ ಕೆಂಪು ಕಾಗದದ ಚೂರು. ಸೆರಗಿನ ಮರೆಯಲ್ಲಿ ಏನೋ ಚೌಕಾಕಾರದ್ದು. ಅವಳು ತನಗೇ ಗೊತ್ತಿಲ್ಲದೆ ಒಂದು ಹೆಜ್ಜೆ ಹಿಂದೆ ಸರಿದಳು. ದುಪಟ್ಟಾವನ್ನು ಎಳೆದು ಹೊಟ್ಟೆಯ ಮೇಲೆ ಮುಚ್ಚಿಕೊಂಡಳು.

ಮುನಿಯಕ್ಕ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿದಳು. ತಿಕ್ಕಿದಷ್ಟೂ ನೀರು ಹಳದಿಯಾಗಿಯೇ ಹರಿಯುತ್ತಿತ್ತು.