ಬೂಟು ಕಳಚಿಟ್ಟು ಬರುವ ದೆವ್ವ

ನಾನು ಒಲೆಯ ಬೂದಿ ಕೆರೆದು ಎಳೆಯುತ್ತಿದ್ದೆ. ದೊನ್ಕಾ ಅತ್ತೆ ತಗಡಿನ ಬಕೆಟ್ಟನ್ನು ಒಲೆಯ ಬಾಯಿಗೆ ಒಡ್ಡಿ ಹಿಡಿದಿದ್ದರು. ಬೂದಿ ಏಳದ ಹಾಗೆ ನಿಧಾನವಾಗಿ ಎಳೆಯಬೇಕು, ಎದ್ದರೆ ಓದುಮನೆಯ ಪುಸ್ತಕಗಳ ಮೇಲೆಲ್ಲ ಕೂರುತ್ತದೆ. ಬಕೆಟ್ ತುಂಬಿದ ಮೇಲೆ ಅತ್ತೆ ಅದನ್ನು ಹಿತ್ತಲಿಗಿಟ್ಟು ಬಂದರು, ಕೈ ತೊಳೆದರು, ಮೇಜಿನ ಹತ್ತಿರವಿದ್ದ ಕುರ್ಚಿಯೊಂದನ್ನು ಎಳೆದೊಯ್ದು ಕಿಟಕಿಯ ಕಡೆ ತಿರುಗಿಸಿಟ್ಟರು. ಇವತ್ತು ಅದು ಅವರ ಕುರ್ಚಿ.

ನಮ್ಮ ಸ್ಲಿವೆನ್ ಊರಿನ ಓದುಗರ ಬಳಗ ಚಳಿಗಾಲದಲ್ಲಿ ಇನ್ನೂ ಅಚ್ಚಾಗದ, ಆ ವರ್ಷದ ಹೊಸ ಕಾದಂಬರಿಗಳನ್ನು ತೂಗುತ್ತದೆ. ಮಾಂತ್ರಿಕರವು, ಅಂತರಿಕ್ಷದವು, ದೆವ್ವದವು, ಈ ಮೂರು ಬಗೆಯವು ಮಾತ್ರ. ತೂಗುವವರೂ ಮೂವರೇ, ನಾನೂ ಸೇರಿ. ಬರೆದವರು ಬರಬಹುದು, ಆದರೆ ಕಿಟಕಿಗೆ ಮುಖ ಮಾಡಿ, ನಮಗೆ ಬೆನ್ನು ಕೊಟ್ಟು ಕೂರಬೇಕು. ತೀರ್ಮಾನವಾಗುವವರೆಗೆ ತುಟಿ ಬಿಚ್ಚುವಂತಿಲ್ಲ. ಬಿಚ್ಚಿದರೆ ಪುಸ್ತಕ ಅಲ್ಲಿಗೇ ಬಿತ್ತು. ಮೂರೂ ಕೈ ಎದ್ದರೆ ಅದು ಬಳಗದ ಮುದ್ರೆಯೊಂದಿಗೆ ಅಚ್ಚಿಗೆ ಹೋಗುತ್ತದೆ.

ಅತ್ತೆ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದರು. "ಸಿಮೆಯೋನ್ ವಿಷಯ ಬಾಯಿ ಬಿಡಬೇಡ, ನೆವೆನಾ. ತೂಗುವ ಆ ಇಬ್ಬರು ಏನೇ ಅಂದರೂ ಸರಿ, ನನ್ನ ಮುಖ ಬಾಡಿದರೂ ಸರಿ."

"ಇಲ್ಲ ಅತ್ತೆ."

"ಗೊತ್ತಾದರೆ ಎಲ್ಲರೂ ಟಪ್ ಅಂತ ಕೈ ಎತ್ತುತ್ತಾರೆ. ಕನಿಕರಕ್ಕೆ ಎತ್ತೋ ಕೈ ನನಗೆ ಬೇಡ. ನಾನು ಬರೆದಿರೋದು ಕಾದಂಬರಿ. ಕಾದಂಬರಿ ಅಂತಲೇ ಗೆಲ್ಲಬೇಕು, ಇಲ್ಲ ಸೋಲಬೇಕು."

ಅತ್ತೆ ನೆಂಟಸ್ತಿಕೆಯ ಅತ್ತೆಯಲ್ಲ, ನಾವಿಬ್ಬರೂ ಒಂದೇ ಕಟ್ಟಡದಲ್ಲಿ ಒಂದೇ ಮೆಟ್ಟಿಲು ಹತ್ತುವ ನೆರೆಯವರು. ಸಿಮೆಯೋನ್ ಅವರ ಮಗ. ಯಾಂಬೋಲ್ ರಸ್ತೆಯಲ್ಲಿ ಮೋಟಾರ್‌ಸೈಕಲ್ಲಿನಿಂದ ಬಿದ್ದು ಸತ್ತ. ನಮ್ಮ ಕಡೆಯ ರೂಢಿಯಂತೆ ಕೆಳಬಾಗಿಲಿಗೆ ಪ್ರತಿ ವರ್ಷ ಅವನ ಫೋಟೋ ಇರುವ ಮರಣದ ಹಾಳೆ ಹೊಸದಾಗಿ ಅಂಟುತ್ತದೆ. ಬಳಗದ ಉಳಿದವರು ಊರಿನ ಆ ತುದಿಯವರು, ನಮ್ಮ ಬಾಗಿಲನ್ನು ಕಂಡವರಲ್ಲ. ಅತ್ತೆ ಬರೆಯುವುದು ತವರಿನ ಹೆಸರಿನಲ್ಲಿ. ಕಾದಂಬರಿಯಲ್ಲಿ ಹುಡುಗನ ಹೆಸರು ಅಸೆನ್. ಸತ್ತವನು ಪ್ರತಿ ಸಂಜೆ ಗೋಡೆಯ ಮೂಲಕವೇ ಹಾದು ಅಮ್ಮನ ಅಡುಗೆಮನೆಗೆ ಬರುತ್ತಾನೆ, ಅಷ್ಟೇ ಕಥೆ. ಓದಲು ಶುರು ಮಾಡಿದಾಗಲೇ ನನಗೆ ಅದು ಯಾರೆಂದು ತಿಳಿದಿತ್ತು.

ಬೊಗೊಮಿಲಣ್ಣ ಮತ್ತು ಕಲೀನಕ್ಕ ಹಿಮ ಕೊಡವುತ್ತ ಒಳಗೆ ಬಂದರು. ಬೊಗೊಮಿಲಣ್ಣ ಶಾಲೆಯಲ್ಲಿ ಭೌತಶಾಸ್ತ್ರ ಹೇಳಿಕೊಡುವವರು, ಅಂತರಿಕ್ಷದ ಕಥೆಗಳು ಅವರ ಪಾಲು. ಕಲೀನಕ್ಕ ಕೇಶಾಲಂಕಾರದ ಅಂಗಡಿಯವಳು, ಮಾಂತ್ರಿಕರೂ ಡ್ರ್ಯಾಗನ್‌ಗಳೂ ಅವಳವು. ನಾನು ಎಂಟನೆಯ ತರಗತಿಗೆ ಶಾಲೆ ಬಿಟ್ಟು ಕಾಲುಚೀಲದ ಕಾರ್ಖಾನೆ ಸೇರಿದವಳು. ಈ ಓದುಮನೆಯಲ್ಲಿದ್ದ ದೆವ್ವದ ಪುಸ್ತಕಗಳನ್ನೆಲ್ಲ ಓದಿ ಮುಗಿಸಿದ್ದಕ್ಕೆ ನನ್ನನ್ನು ಸೇರಿಸಿಕೊಂಡರು. ಆದರೂ ಅವರೆದುರು ನಾನು ಬಾಯಿ ಬಿಡುವುದೇ ಅಪರೂಪ.

ಬೊಗೊಮಿಲಣ್ಣ ತಮ್ಮ ಟೋಪಿಗೆ ಬಿಳಿ, ಕಪ್ಪು, ಮಚ್ಚೆಯ ಮೂರು ಬೀನ್ಸ್ ಕಾಳು ಹಾಕಿ ಅಲ್ಲಾಡಿಸಿದರು. ಬಿಳಿ ಕಾಳು ಬಂದವರು ಪುಸ್ತಕದ ಪರ ಮಾತಾಡಬೇಕು, ಕಪ್ಪು ಬಂದವರು ವಿರೋಧ. ಮಚ್ಚೆಯದು ಬಂದವರು ಪ್ರಶ್ನೆ ಕೇಳಬೇಕು. ಮಾತು ಕಾಳು ಹೇಳಿದ ಹಾಗೆ, ಕೈ ಮಾತ್ರ ಅವರವರ ಮನಸ್ಸಿನ ಹಾಗೆ.

ಬಿಳಿ ಕಲೀನಕ್ಕನಿಗೆ ಬಂತು, ಮಚ್ಚೆ ಬೊಗೊಮಿಲಣ್ಣನಿಗೆ. ನಾನು ಟೋಪಿಯೊಳಗೆ ಕೈ ಹಾಕುವ ಮೊದಲೇ ನನ್ನದು ಯಾವುದೆಂದು ತಿಳಿದುಹೋಗಿತ್ತು.

"ಅಯ್ಯೋ, ಈ ಮೂಗಿ ವಿರೋಧ ಮಾಡ್ತಾಳಂತೆ! ದೊನ್ಕಾ, ನಿನ್ನ ಪುಸ್ತಕ ಗೆದ್ದ ಹಾಗೇ" ಎಂದು ಕಲೀನಕ್ಕ ನಕ್ಕಳು.

ಅತ್ತೆ ಅಷ್ಟರಲ್ಲಿ ತಮ್ಮ ಕುರ್ಚಿಯಲ್ಲಿ ಕಿಟಕಿಗೆ ಮುಖ ಮಾಡಿ ಕೂತಾಗಿತ್ತು.

ಕಲೀನಕ್ಕ ಚೆನ್ನಾಗಿಯೇ ಮಾತಾಡಿದಳು. ಈ ಸಲ ಓದಿದ ದೆವ್ವಗಳೆಲ್ಲ ಕಿರುಚುತ್ತವೆ, ಕನ್ನಡಿ ಒಡೆಯುತ್ತವೆ, ಇದೊಂದೇ ಅಡುಗೆಮನೆಯಲ್ಲಿ ಕೂತು ಈರುಳ್ಳಿ ಸುಲಿದುಕೊಡುತ್ತದೆ, ಅದಕ್ಕೇ ಹೆಚ್ಚು ಭಯವಾಯಿತು ಎಂದಳು. "ಆದ್ರೆ ತಿನ್ನೋದು ನೋಡಿ! ಮೂರು ಬಟ್ಟಲು ಕಾಳಿನ ಸಾರು, ಅರ್ಧ ಬ್ರೆಡ್ಡು. ಬದುಕಿರೋ ನನ್ನ ಗಂಡನೇ ಇಷ್ಟು ತಿನ್ನಲ್ಲ. ಹೊಟ್ಟೆಬಾಕ ದೆವ್ವ!"

ಅವಳು ಮುದ್ದಿನಿಂದಲೇ ಹೇಳಿದ್ದು. ಅತ್ತೆಯ ಕಿವಿ ಕೆಂಪಾದದ್ದು ಹಿಂದಿನಿಂದಲೇ ನನಗೆ ಕಾಣಿಸಿತು. ಸಿಮೆಯೋನ್ ಮೆಟ್ಟಿಲಿಳಿಯುವಾಗಲೂ ಬ್ರೆಡ್ಡು ಕಚ್ಚಿಕೊಂಡೇ ಓಡುತ್ತಿದ್ದ. ಅವನು ಹೋದ ಮೇಲೆ ಮೆಟ್ಟಿಲ ಮೇಲಿನ ಚೂರುಗಳಿಗೆ ನನ್ನ ಅಮ್ಮ ಬೈಯುತ್ತಿದ್ದಳು.

ಬೊಗೊಮಿಲಣ್ಣ ಪೆನ್ಸಿಲ್ಲಿನಿಂದ ಮೇಜು ಕುಟ್ಟಿದರು. "ತಿನ್ಲಿ ಬಿಡಿ. ನನ್ನ ತಕರಾರು ಬೂಟಿಂದು. ಇವನು ಗೋಡೆ ದಾಟಿ ಬರ್ತಾನೆ. ಸರಿ, ದೆವ್ವ, ಒಪ್ಪಿದೆ. ಆದ್ರೆ ಅದಕ್ಕೂ ಮುಂಚೆ ಬಾಗಿಲ ಹೊರಗೆ ಬೂಟು ಕಳಚಿಡ್ತಾನೆ! ಮೈ ಇದೆಯೋ ಇಲ್ಲವೋ? ಇದ್ರೆ ಗೋಡೆ ತಡೀಬೇಕು. ಇಲ್ದಿದ್ರೆ ಬೂಟು ಯಾತಕ್ಕೆ? ಕಟ್ಟಿದ ಲೋಕಕ್ಕೆ ಒಂದು ನಿಯಮ ಬೇಡವಾ?"

"ಹೋದ ಸಲದ ನಿಮ್ಮ ಅಂತರಿಕ್ಷದ ಕಾದಂಬರಿಯಲ್ಲಿ ನೌಕೆಯವರು ನೂರು ವರ್ಷ ಹಾರಿದ್ರೂ ಒಬ್ಬನೂ ಕಾಲುಚೀಲ ಬದಲಾಯಿಸಲಿಲ್ಲ. ಅದಕ್ಕೆ ಕೈ ಎತ್ತಿದ್ರಿ. ಪಾಪ ಇವನು ಬೂಟು ಬಿಚ್ಚಿದ್ದೇ ತಪ್ಪಾಯ್ತಾ?"

"ಅವರು ನಿದ್ದೆ ಮಾಡ್ತಿದ್ರು, ಕಲೀನಾ."

"ಆ ವಾಸನೆಗೆ ಎಚ್ಚರ ಆಗಬೇಕಿತ್ತು."

ಬೊಗೊಮಿಲಣ್ಣ ನಗಲಿಲ್ಲ. "ತಮಾಷೆ ಆಮೇಲೆ. ಈ ಪ್ರಶ್ನೆಗೆ ಉತ್ತರ ಸಿಗದಿದ್ರೆ ನನ್ನ ಕೈ ಏಳಲ್ಲ. ಇದು ಬರೆದವರು ಮೈಮರೆತು ಮಾಡಿದ ತಪ್ಪು. ಹುಡುಗನ್ನ ಎಲ್ಲೋ ನೋಡಿ ಹಾಗೇ ಇಳಿಸಿದ ಹಾಗಿದೆ, ಕಟ್ಟಿದ ಹಾಗಿಲ್ಲ."

ಅತ್ತೆಯ ಎರಡೂ ಕೈ ಕುರ್ಚಿಯ ಅಂಚನ್ನು ಹಿಡಿದವು. ಕಲೀನಕ್ಕ ಉತ್ತರಕ್ಕಾಗಿ ಹಾಳೆ ತಿರುವಿದಳು. ಈಗ ನಾನು ಎದ್ದುನಿಂತು, ಇವನು ಅತ್ತೆಯ ಸತ್ತ ಮಗ ಎಂಬ ಒಂದೇ ಒಂದು ಮಾತು ಹೇಳಿದರೆ ಮೂರೂ ಕೈ ಏಳುತ್ತಿದ್ದವು. ಆ ಮಾತು ನನ್ನ ನಾಲಿಗೆಯ ತುದಿಯವರೆಗೂ ಬಂದಿತ್ತು.

"ಅಮ್ಮ ಬೈತಾಳೆ ಅಂತ" ಎಂದೆ.

ಇಬ್ಬರೂ ನನ್ನ ಕಡೆ ತಿರುಗಿದರು.

"ಬೂಟು... ಅಮ್ಮ ಬೈತಾಳೆ ಅಂತ ಬಿಚ್ಚಿಡ್ತಾನೆ. ಮೊದಲ ಅಧ್ಯಾಯದಲ್ಲಿ ಬದುಕಿದ್ದಾಗ ಬೈಸಿಕೊಳ್ತಾನಲ್ಲ, ನೆಲ ಒರೆಸಿದ್ದೀನಿ ಅಂತ. ಮೈ ಹೋದ್ರೂ ಅದು ಹೋಗಿಲ್ಲ."

"ಏ ಹುಡುಗಿ, ನೀನು ವಿರೋಧ ಪಕ್ಷ ಕಣೇ! ಯಾರ ಕಡೆ ಮಾತಾಡ್ತಿದೀಯ?" ಎಂದಳು ಕಲೀನಕ್ಕ.

ಬೊಗೊಮಿಲಣ್ಣ ಮಾತ್ರ ಮೊದಲ ಅಧ್ಯಾಯಕ್ಕೆ ಹೋಗಿ, ಬೆರಳಿಟ್ಟು ಓದಿ, ನಮ್ಮ ಕಡೆ ಹೌದು ಎನ್ನಲು ಆಡಿಸುವ ಹಾಗೆ ತಲೆಯನ್ನು ಅಡ್ಡಡ್ಡ ಆಡಿಸಿ ಒಪ್ಪಿದರು. "ಇದೆ. ನಾನೇ ನೋಡಲಿಲ್ಲ. ಮೈ ಹೋಗುತ್ತೆ, ಅಭ್ಯಾಸ ಉಳಿಯುತ್ತೆ. ಅದು ನಿಯಮವೇ. ಒಳ್ಳೇ ನಿಯಮ." ಅಂಚಿನಲ್ಲಿ ಬರೆದಿದ್ದ ಪ್ರಶ್ನೆಯನ್ನು ರಬ್ಬರಿನಿಂದ ಅಳಿಸಿದರು. "ನನ್ನ ಕೈ ಇದೆ. ಕಲೀನಾದು ಇದ್ದೇ ಇದೆ. ಕಪ್ಪು ಕಾಳಿನವಳೇ, ನಿನಗೇನಾದ್ರೂ ಇದ್ರೆ ಹೇಳು, ಇಲ್ದಿದ್ರೆ ಮೂವರೂ ಎತ್ತಿಬಿಡೋಣ. ಒಲೆ ಆರ್ತಿದೆ."

ಅತ್ತೆಯ ಭುಜ ಕೆಳಗಿಳಿಯಿತು.

ನನ್ನದೇನೂ ಇಲ್ಲ ಎಂದರೆ ಮುಗಿಯುತ್ತಿತ್ತು. ಕೈ ಎತ್ತಬೇಕು, ಮನೆಗೆ ಹೋಗಬೇಕು, ಮೆಟ್ಟಿಲ ಮೇಲೆ ಅತ್ತೆ ನನ್ನನ್ನು ತಬ್ಬಿಕೊಳ್ಳುತ್ತಿದ್ದರು. ಅವರಿಬ್ಬರಿಗೆ ಏನೂ ಗೊತ್ತಿಲ್ಲ, ಅವರ ಕೈ ಶುದ್ಧ. ಗೊತ್ತಿದ್ದವಳು ನಾನೊಬ್ಬಳೇ. ಕನಿಕರಕ್ಕೆ ಏಳುವ ಕೈಯೊಂದು ಆ ಮೇಜಿನ ಮೇಲಿದ್ದರೆ ಅದು ನನ್ನದೇ.

"ಕೊನೆ ಇಲ್ಲ" ಎಂದೆ. ದನಿ ನನ್ನದೆಂದೇ ಅನ್ನಿಸಲಿಲ್ಲ.

"ಇದೆಯಲ್ಲ. ಬರ್ತಾನೆ, ಕೂರ್ತಾನೆ, ಅಮ್ಮ ಸಾರು ಬಡಿಸ್ತಾಳೆ" ಎಂದಳು ಕಲೀನಕ್ಕ.

"ಅದೇ ಅಕ್ಕ. ನಡುವಿನಲ್ಲೂ ಬರ್ತಾನೆ, ಕೊನೇಲೂ ಬರ್ತಾನೆ. ಅಷ್ಟರಲ್ಲಿ ಮಗಳ ಮದುವೆ ಆಗುತ್ತೆ, ಅಮ್ಮ ಹೋಗಲ್ಲ. ಸಂಜೆ ಅವನು ಬರ್ತಾನೆ ಅಂತ. ಮಗಳು ಫೋನ್ ಮಾಡಿ ಅಳ್ತಾಳೆ, ಅಮ್ಮ ಸಾರು ಉಕ್ಕುತ್ತೆ ಅಂತ ಫೋನ್ ಇಟ್ಟುಬಿಡ್ತಾಳೆ. ಪುಸ್ತಕ ಅದನ್ನ ತಿರುಗಿಯೂ ನೋಡಲ್ಲ. ಸಾರು ಬಿಸಿ ಮಾಡ್ತಾ ಇರುತ್ತೆ, ಅಷ್ಟೇ."

"ಇಂಥದ್ದಕ್ಕೆ ತೆರೆದ ಕೊನೆ ಅಂತಾರೆ ಕಣೇ."

"ತೆರೆದಿಲ್ಲ ಅಕ್ಕ. ಒಳಗಿಂದ ಚಿಲಕ ಹಾಕಿದೆ." ಅತ್ತೆಯ ಬೆನ್ನಿನ ಕಡೆ ನೋಡಬಾರದೆಂದುಕೊಂಡರೂ ನೋಡಿದೆ. ಅದು ನೆಟ್ಟಗಾಗಿತ್ತು. "ಮೊದಲು ಅವನು ಎಷ್ಟು ಮಾತಾಡ್ತಾನೆ. ಕೊನೇ ಅಧ್ಯಾಯದಲ್ಲಿ ಒಂದು ಮಾತೂ ಆಡಲ್ಲ. ತಿನ್ನು ಅಂದ್ರೆ ತಿಂತಾನೆ. ಅವನಿಗೆ ಹೋಗಬೇಕು ಅನ್ನಿಸಿದೆ, ಓದಿದ್ರೆ ಗೊತ್ತಾಗುತ್ತೆ. ಬರೆದವರು ಬಿಡ್ತಿಲ್ಲ."

ಒಲೆಯಲ್ಲಿ ಕಟ್ಟಿಗೆಯೊಂದು ಕುಸಿಯಿತು. ಕಲೀನಕ್ಕ ಕೊನೆಯ ಅಧ್ಯಾಯ ತೆಗೆದು ಓದತೊಡಗಿದಳು. ಮೊದಲು ಸಿಟ್ಟಿನಿಂದ ಹಾಳೆ ತಿರುವುತ್ತಿದ್ದಳು, ಆಮೇಲೆ ನಿಧಾನವಾದಳು, ಆಮೇಲೆ ಕನ್ನಡಕ ತೆಗೆದಿಟ್ಟಳು. ಅತ್ತೆ ಒಮ್ಮೆ ಜೋರಾಗಿ ಉಸಿರೆಳೆದುಕೊಂಡರು. ಮಾತಾಡಿಬಿಡುತ್ತಾರೆ, ಪುಸ್ತಕ ಬಿದ್ದೇಹೋಗುತ್ತದೆ ಎಂದುಕೊಂಡೆ. ಮಾತಾಡಲಿಲ್ಲ.

"ಕೈ" ಎಂದರು ಬೊಗೊಮಿಲಣ್ಣ.

ಕಲೀನಕ್ಕ ಎತ್ತಿದಳು. "ನಾನು ಪರ. ಈ ಹುಡುಗಿ ಹೇಳಿದ್ದು ಸರಿ ಇದ್ರೂ ಪರ." ಬೊಗೊಮಿಲಣ್ಣನ ಕೈ ಎದೆಯವರೆಗೆ ಬಂದು ನನಗಾಗಿ ಕಾದಿತು. ನನ್ನ ಎರಡೂ ಕೈ ಮೇಜಿನ ಮೇಲಿದ್ದವು. ಅವು ಅಲ್ಲೇ ಉಳಿದವು. ಅದನ್ನು ನೋಡಿ ಬೊಗೊಮಿಲಣ್ಣ ತಮ್ಮ ಕೈ ಇಳಿಸಿದರು.

"ಬಳಗದ ತೀರ್ಮಾನ" ಎಂದು ಎಂದಿನ ದನಿಯಲ್ಲೇ ಶುರು ಮಾಡಿದರು. "ಕಾದಂಬರಿ ಒಳ್ಳೇದು. ಮುಗಿದಿಲ್ಲ. ಕೊನೆ ಬರೆದುಕೊಂಡು ಬಂದ್ರೆ ಮುಂದಿನ ಚಳಿಗಾಲಕ್ಕೆ ಮತ್ತೆ ತೂಗ್ತೀವಿ. ದೊನ್ಕಾ, ಈ ಕಡೆ ತಿರುಗಬಹುದು. ಏನಾದ್ರೂ ಕೇಳೋದಿದ್ರೆ ಕೇಳಬಹುದು."

ತೀರ್ಮಾನ ಕೇಳಿದವರು ತಿರುಗಿ ಕೂತು ನಮಸ್ಕಾರ ಹೇಳುವುದು, ಇಲ್ಲವೇ ಜಗಳವಾಡುವುದು ನಮ್ಮಲ್ಲಿ ರೂಢಿ. ಹೋದ ತಿಂಗಳು ಡ್ರ್ಯಾಗನ್ ಕಥೆಯವನು ಕಲೀನಕ್ಕನ ಕಾಫಿ ಲೋಟವನ್ನೇ ಎತ್ತಿ ಎಸೆದಿದ್ದ. ಅತ್ತೆ ತಿರುಗಲಿಲ್ಲ. ಹೊರಗೆ ಬೀಳುತ್ತಿದ್ದ ಹಿಮದ ಕಡೆಯೇ ಮುಖ ಮಾಡಿ ಕೂತಿದ್ದರು.

"ಹೇಗೆ?" ಎಂದರು.

"ಏನು ಹೇಗೆ?" ಬೊಗೊಮಿಲಣ್ಣ ಸಹಾಯಕ್ಕೆ ಸಿದ್ಧವಾಗಿ ಪೆನ್ಸಿಲ್ ಕೈಗೆ ತೆಗೆದುಕೊಂಡರು. "ಕೊನೇ ಅಧ್ಯಾಯವಾ? ಎರಡು ಮೂರು ದಾರಿ ಇದೆ ನೋಡಿ, ಬೇಕಾದ್ರೆ ನಾವೇ..."

"ಸಿಮೆಯೋನ್‌ನ ಹೇಗೆ ಕಳಿಸಲಿ?"

ಕಲೀನಕ್ಕ ಆ ಹೆಸರಿಗಾಗಿ ಮುಂದಿದ್ದ ಹಾಳೆಯನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ನಾನು ತಲೆ ತಗ್ಗಿಸಿದೆ. ಅವಳ ಕೈ ಬಾಯಿಗೆ ಹೋಯಿತು. ಬೊಗೊಮಿಲಣ್ಣ ಪೆನ್ಸಿಲ್ಲನ್ನು ಸದ್ದಾಗದ ಹಾಗೆ ಕೆಳಗಿಟ್ಟರು.

"ಮೂವರೂ ಇಷ್ಟು ಪುಸ್ತಕ ಓದಿದ್ದೀರಿ" ಎಂದರು ಅತ್ತೆ, ಕಿಟಕಿಗೇ ಹೇಳಿದಂತೆ. "ಯಾರಾದ್ರೂ ಒಬ್ಬರು ನನಗೆ ಹೇಳಿಕೊಡಿ."