ಚುರ್ರೆನ್ನುವ ಕ್ರೀಮು

"ಹೋಯ್ತು ನೋಡು ಒಳಗೆ! ಮಾಯ!" ಎಂದು ಭಾವ ಕೈಯನ್ನು ಕಿಟಕಿಯ ಬೆಳಕಿಗೆ ಹಿಡಿದು ಹಿಗ್ಗಿದರು. ಎರಡನೆಯ ಬಟ್ಟಲಿನ ಕ್ರೀಮನ್ನು ಆಗಷ್ಟೇ ಕೈಯ ಹಿಂಬದಿಗೆ ತಿಕ್ಕಿಕೊಂಡಿದ್ದರು. "ಇದೇ ಇರ್ಲಿ ಪುಟ್ಟಿ. ಆ ಮೊದಲನೇದು ಬರೀ ಬೆಣ್ಣೆ."

ಕಣ್ಣಿಗೆ ಮರೆಯಾದದ್ದೆಲ್ಲ ಒಳಗೆ ಹೋಗಿರುವುದಿಲ್ಲ ಎಂದು ಪುಟ್ಟಿ ಹನ್ನೊಂದು ವರ್ಷಗಳಿಂದ ಹೇಳುತ್ತ ಬಂದಿದ್ದಾಳೆ. ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ. ಎರಡೂ ಮುಖದ ಕಲೆಗೆ ಹಚ್ಚುವ ಕ್ರೀಮೇ, ಮದ್ದೂ ಒಂದೇ. ಮೊದಲ ಬಟ್ಟಲಿನಲ್ಲಿ ಬೆರೆಸಿದ್ದದ್ದು ಆ ಮದ್ದನ್ನು ಚರ್ಮದೊಳಗೆ ಮೆಲ್ಲಗೆ ಇಳಿಸುವ ಸೌಮ್ಯ ದ್ರವ. ಕಲೆ ಮಾಸಲು ಎರಡು ತಿಂಗಳಾದರೂ ಬೇಕು. ಎರಡನೆಯದರಲ್ಲಿ ಓಲಿಕ್ ಆ್ಯಸಿಡ್, ನೂರಕ್ಕೆ ಐದು ಪಾಲು. ಅದು ಚರ್ಮದ ಮೇಲ್ಪದರದ ಜಿಡ್ಡನ್ನು ಸಡಿಲಿಸಿ ದಾರಿ ಮಾಡಿಕೊಳ್ಳುತ್ತದೆ, ಹಚ್ಚಿದೊಡನೆ ಚುರ್ರೆನ್ನುತ್ತದೆ. ಭಾವನಿಗೆ ಬೇಕಾಗಿದ್ದದ್ದು ಆ ಚುರ್ರೇ.

"ಚುರ್ ಅಂದ್ರೇನೇ ಜನ ನಂಬೋದು, ಕೆಲಸ ಮಾಡ್ತಿದೆ ಅಂತ."

"ಬಾಗಿಲು ತೆಗೆದಿಟ್ರೆ ನೆಂಟರು ಮಾತ್ರ ಬರ್ತಾರಾ ಭಾವ? ಬೆಕ್ಕೂ ನುಗ್ಗುತ್ತೆ. ಮದ್ದಿನ ಜೊತೆ ಕ್ರೀಮಿಗೆ ಹಾಕಿದ ಸೆಂಟೂ ಒಳಗೆ ಹೋಗುತ್ತೆ. ನಿಮ್ಮ ಕೈ ತಡ್ಕೊಳ್ಳುತ್ತೆ, ಮುಖ ತಡ್ಕೊಳ್ಳಲ್ಲ."

"ಶುರುವಾಯ್ತು ಇವಳ ಪುರಾಣ! ಮಧ್ಯಾಹ್ನದೊಳಗೆ ಒಪ್ಪಿಗೆ ಹಾಳೆಗೆ ಸಹಿ ಹಾಕಿಡು. ನಾಳೆ ಮಿಕ್ಸರ್ ಓಡಬೇಕು."

ಭಾವನ ಇಡೀ ಕಾರ್ಖಾನೆಯಲ್ಲಿ ಕೆಮಿಸ್ಟ್ ಅವಳೊಬ್ಬಳೇ. ಅವಳ ಸಹಿ ಇಲ್ಲದೆ ಒಂದು ಡಬ್ಬಿಯೂ ಹೊರಗೆ ಹೋಗುವಂತಿಲ್ಲ. ಇದನ್ನು ಅಧಿಕಾರ ಎಂದು ತಿಳಿಯುವವರಿಗೆ ಆ ಮನೆ ಗೊತ್ತಿಲ್ಲ. ಅಮ್ಮ ತೀರಿಕೊಂಡಾಗ ಪುಟ್ಟಿಗೆ ಒಂಬತ್ತು ವರ್ಷ. "ನೀನು ನಿಮ್ಮಕ್ಕನ ಜೊತೆ ಬಂದ ಬಳುವಳಿ" ಎಂದು ನಗುತ್ತಲೇ ಅವಳನ್ನು ಕರೆತಂದು ಓದಿಸಿದವರು ಭಾವ, ಜ್ವರ ಬಂದರೆ ಪಕ್ಕದಲ್ಲಿ ಕೂತು ಒದ್ದೆ ಬಟ್ಟೆ ಹಾಕಿದವರು. ಕೆಟ್ಟವರಾಗಿದ್ದರೆ ಬಿಟ್ಟುಹೋಗುವುದು ಎಷ್ಟು ಸುಲಭವಿತ್ತು! ಮನೆ ಕಾರ್ಖಾನೆಯ ಮೇಲೆಯೇ. ಹದಿನಾಲ್ಕು ಮೆಟ್ಟಿಲು ಹತ್ತಿದರೆ ಊಟ, ಇಳಿದರೆ ಕೆಲಸ. ಸಹಿ ಹಾಕದ ಹಾಳೆಯನ್ನು ಮೇಜಿನ ಮೇಲೆಯೇ ಬಿಟ್ಟು ಅವಳು ಊಟಕ್ಕೆ ಹತ್ತಿದಳು.

ಅಕ್ಕ ಬಡಿಸಲು ಬಗ್ಗಿದಾಗ ಪುಟ್ಟಿಗೆ ಕಂಡಿತು. ಪೌಡರಿನ ಕೆಳಗೆ ಎರಡೂ ಕೆನ್ನೆ ಕೆಂಪಗೆ ಊದಿದ್ದವು. ಮೂಗಿನ ಪಕ್ಕದಲ್ಲಿ ಸಣ್ಣ ಗುಳ್ಳೆಗಳು.

"ಏನಕ್ಕ ಇದು?"

"ನಿನ್ನ ಕ್ರೀಮೇ ಕಣೆ. ಆ ಐದು ಪರ್ಸೆಂಟಿಂದು. ಅವರೇ ತಂದುಕೊಟ್ರು. ಎಂಟು ದಿನ ಆಯ್ತು."

"ಉರಿಯಲ್ವಾ?"

"ಉರಿಯುತ್ತೆ. ಹಾಗಿದ್ರೇನೇ ಕೆಲಸ ಮಾಡ್ತಿದೆ ಅಂತಂತೆ." ಅಕ್ಕನ ದನಿ ತಗ್ಗಿತು. "ಅವರ ಹತ್ರ ಏನೂ ಹೇಳ್ಬೇಡ. ಮೊದಲು ಹಚ್ಚಿದ್ದೇ ನನ್ನ ಹೆಂಡ್ತಿ ಅಂತ ಕಂಡಕಂಡವರಿಗೆಲ್ಲ ಹೇಳ್ಕೊಂಡು ಓಡಾಡ್ತಿದ್ದಾರೆ."

ಪರೀಕ್ಷೆಗೆಂದು ತಾನೇ ಕಲಸಿ, ತಾನೇ ಚೀಟಿ ಅಂಟಿಸಿಟ್ಟ ಮಾದರಿ ಡಬ್ಬಿ. ಪುಟ್ಟಿ ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಬಿಟ್ಟಳು.

ಅಷ್ಟರಲ್ಲಿ ಭಾವ ಆ ಹಾಳೆಯನ್ನೂ ಪೆನ್ನನ್ನೂ ಹಿಡಿದು ಮೆಟ್ಟಿಲು ಹತ್ತಿ ಬಂದರು.

"ನಾನು ಸಹಿ ಹಾಕಲ್ಲ ಭಾವ. ಅಕ್ಕನ ಮುಖ ನೋಡಿ."

ಭಾವ ನೋಡಿದರು. ಅಷ್ಟು ದಿನದಲ್ಲಿ ಅವರು ಸರಿಯಾಗಿ ನೋಡಿದ್ದು ಅದೇ ಮೊದಲಿರಬೇಕು, ಮುಖ ಪೆಚ್ಚಾಯಿತು. "ಹೌದೇನೇ? ಇದರಿಂದಾನಾ?"

ಅಕ್ಕ ಹೌದು ಎಂದಿದ್ದರೆ ಸಾಕಿತ್ತು.

"ಅಯ್ಯೋ, ಒಲೆ ಶಾಖ ಕಣ್ರೀ. ಇವಳದೊಂದು!" ಎಂದು ಅಕ್ಕ ಕಪಾಟಿನಿಂದ ಡಬ್ಬಿ ತೆಗೆದಳು. ಎರಡು ಬೆರಳಿನಿಂದ ಕ್ರೀಮು ಬಾಚಿ ಎರಡೂ ಕೆನ್ನೆಗೆ ಬಳಿದುಕೊಂಡು ಇಬ್ಬರ ಎದುರಿಗೆ ಕುರ್ಚಿ ಎಳೆದು ಕೂತಳು. "ನೋಡಿ ಬೇಕಾದ್ರೆ."

ಅರ್ಧ ನಿಮಿಷಕ್ಕೆ ಅವಳ ಕಣ್ಣು ತುಂಬಿತು. ತುಟಿಯ ಮೇಲಿನ ನಗು ಮಾತ್ರ ಹಾಗೇ ಇತ್ತು. ಟೇಬಲ್ಲಿನ ಅಂಚು ಹಿಡಿದ ಬೆರಳುಗಳು ಬೆಳ್ಳಗಾಗಿದ್ದವು.

"ನೋಡಿದ್ಯಾ?" ಭಾವ ಉಸಿರು ಬಿಟ್ಟರು. "ಸುಮ್ನೆ ಹೆದರಿಸ್ಬಿಟ್ಟೆಯಲ್ಲೇ."

"ಅಕ್ಕ, ಹೋಗಿ ತೊಳ್ಕೋ."

"ನೀನು ಸಹಿ ಹಾಕು," ಎಂದಳು ಅಕ್ಕ, ನಗುತ್ತಲೇ. "ಬೇಗ ಹಾಕೇ."

ಸಹಿಯಾಗುವವರೆಗೆ ಅವಳು ಏಳುವುದಿಲ್ಲ. ಪುಟ್ಟಿ ಎಂಜಲು ಕೈಯನ್ನು ಹಾಗೇ ಬಿಟ್ಟು ಎಡಗೈಯಲ್ಲಿ ಹಾಳೆ ಎಳೆದುಕೊಂಡಳು. ಮತ್ತೆ ಬಲಗೈಯನ್ನು ಬಟ್ಟೆಗೇ ಒರೆಸಿ ಪೆನ್ನು ಹಿಡಿದಳು. ಮೂರು ಕಡೆ ಸಹಿ ಬೇಕಿತ್ತು. ಮೂರನೆಯದು ಅರ್ಧವೂ ಓದಲು ಬರುವಂತಿರಲಿಲ್ಲ.

ಏನೋ ಕೆಲಸ ನೆನಪಾದವಳಂತೆ ಅಕ್ಕ ಸಾವಕಾಶವಾಗಿ ಎದ್ದು ಒಳಗೆ ಹೋದಳು.

"ಬಂಗಾರ ಕಣೆ ನೀನು," ಎಂದು ಭಾವ ಹಾಳೆ ಮಡಚಿಟ್ಟು, ತಾವೇ ಅವಳ ತಟ್ಟೆಗೆ ಇನ್ನಷ್ಟು ಬಡಿಸಿದರು. ಬಚ್ಚಲಿನಲ್ಲಿ ನಲ್ಲಿ ಬಿಟ್ಟ ಸದ್ದು ಕೇಳಿತು. ಭಾವ ಕೂತು ಉಂಡರು, ಕೈ ತೊಳೆದರು, ಕೆಳಗೆ ಹೋದರು. ನಲ್ಲಿ ಇನ್ನೂ ನಿಂತಿರಲಿಲ್ಲ.