ಪೂಜೆಯ ಕೋಣೆಯಲ್ಲಿ ನಿದ್ದೆ

2025ರ ಏಪ್ರಿಲ್ 21, ಸೋಮವಾರ, ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ. ಅಂಬಿಕಾ ಪೂಜೆಯ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಹಣೆಗೆ ವಿಭೂತಿ ಹಚ್ಚಿಕೊಂಡಳು. ಕೊರಳಿನ ಲಿಂಗವನ್ನು ಅಂಗೈಗೆ ತೆಗೆದುಕೊಳ್ಳಲಿಲ್ಲ. ಸೆರಗು ಮಡಚಿ ತಲೆಗಿಟ್ಟು ಬರಿಯ ನೆಲದ ಮೇಲೆ ಅಡ್ಡಾದಳು.

ಶರಣಸಿರಸಗಿಯ ಹೊಸ ಬಡಾವಣೆಯ ಆ ಮನೆಯಲ್ಲಿ ಲಿಂಗಪೂಜೆಗೆ ಕುಳಿತವರನ್ನು ಯಾರೂ ಕರೆಯುವುದಿಲ್ಲ. ಅದು ಅತ್ತೆ ನೀಲಗಂಗಮ್ಮ ಹಾಕಿಕೊಟ್ಟ ಶಿಸ್ತು. ಎರಡು ವರ್ಷದ ಹಿಂದೆ ಲಕ್ವಾ ಹೊಡೆದು ಎಡಭಾಗ ಬಿದ್ದುಹೋದಾಗಿನಿಂದ ನೀರಿಗೆ, ಮಗ್ಗುಲಿಗೆ, ಸೊಳ್ಳೆಗೆ, ಸುಮ್ಮನೆ ಬೇಸರಕ್ಕೆ, ಹಗಲೂ ರಾತ್ರಿ ಸೊಸೆಯನ್ನು ಕರೆಯುವವಳು ಆ ಬಾಗಿಲು ಹಾಕಿದ್ದಾಗ ಮಾತ್ರ ಸುಮ್ಮನಿರುತ್ತಿದ್ದಳು. ಗಂಡ ವಿವೇಕಾನಂದ ಯಾದಗಿರಿಯ ನೌಕರಿಗೆ ಕತ್ತಲಲ್ಲಿ ಹೋಗಿ ಕತ್ತಲಲ್ಲಿ ಬರುವವನು. ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳುತ್ತಿದ್ದ ಅಂಬಿಕಾ ಕೆಲಸ ಬಿಟ್ಟಿದ್ದಳು. ಮೊದಲ ಸಲ ಪೂಜೆಗೆ ಕುಳಿತಲ್ಲೇ ಅವಳಿಗೆ ಜೊಂಪು ಹತ್ತಿತ್ತು. ಈಗೊಂದು ತಿಂಗಳಿಂದ ಬೇಕೆಂದೇ ಮಲಗುತ್ತಿದ್ದಳು. ದೇವರಿಗೂ ಅತ್ತೆಗೂ ಒಟ್ಟಿಗೇ ಮೋಸ ಮಾಡುತ್ತಿದ್ದೇನೆ ಎಂದು ದಿನವಿಡೀ ಕುದಿಯುತ್ತಿದ್ದಳು. ಬೆಳಗಾದರೆ ಕಾಲುಗಳು ಮತ್ತೆ ಅಲ್ಲಿಗೇ ಎಳೆಯುತ್ತಿದ್ದವು.

ಧೊಪ್ಪೆಂದು ಏನೋ ಬಿದ್ದ ಸದ್ದಿಗೆ ಎಚ್ಚರವಾಯಿತು. ಓಡಿದಳು.

ನೀಲಗಂಗಮ್ಮ ಮಂಚದಿಂದ ಬಿದ್ದಿದ್ದಳು. ಸೀರೆ ಒದ್ದೆಯಾಗಿತ್ತು. ಹುಬ್ಬು ಒಡೆದು ರಕ್ತ ಇಳಿಯುತ್ತಿತ್ತು. ಕಸುವಿದ್ದ ಒಂದೇ ಕೈಯಿಂದ ತನ್ನ ಬಾಯನ್ನು ತಾನೇ ಒತ್ತಿ ಹಿಡಿದಿದ್ದಳು.

"ಯಾಕ ಕರೀಲಿಲ್ರಿ ಅತ್ತಿ?"

"ಒಂದಕ್ಕ ಬಂದಿತ್ತು. ನಾನೇ ಇಳೀತೀನಿ ಅಂದ್ಕೊಂಡೆ."

ಅಂಬಿಕಾ ಅತ್ತೆಯ ತಲೆಯನ್ನು ಎತ್ತಿ ಹಿಡಿದಳು. ರಕ್ತಕ್ಕೆ ಬಟ್ಟೆ ಒತ್ತುತ್ತಲೇ ಹೇಳಿಬಿಟ್ಟಳು. "ನಾ ಪೂಜಾ ಮಾಡ್ತಿರಲಿಲ್ರಿ. ಮಲ್ಕೊಂಡಿದ್ದೆ. ದಿನಾ ಮಲ್ಕೋತೀನಿ."

"ಗೊತ್ತದ. ನಿನ್ನ ಗೊರಕಿ ಇಲ್ಲೀತನಕ ಕೇಳಸ್ತದ. ಶಿವಾನೂ ಬ್ಯಾಸತ್ತು ಎದ್ದು ಹೋಗಿರಬೇಕು."

"ಗೊತ್ತಿದ್ದೂ ಸುಮ್ನಿದ್ರೇನು?"

"ಎದ್ದಿ ಅಂದ್ರ ಮತ್ತ ನಾ ನಿನಗ ಕುಂಡ್ರಗೊಡ್ತೀನೇನು?"

ಬೈದಿದ್ದರೆ ತಾಳಿಕೊಳ್ಳಬಹುದಿತ್ತು. ತನ್ನ ಒಂದು ಜೊಂಪಿಗಾಗಿ ಈ ಮುದುಕಿ ನೋವನ್ನು ಅಂಗೈಯಲ್ಲಿ ಮುಚ್ಚಿಟ್ಟುಕೊಂಡಳಲ್ಲ ಎಂದು ಅಂಬಿಕಾ ಒದ್ದೆ ನೆಲದ ಮೇಲೇ ಕುಸಿದು ಕುಳಿತಳು. ಇನ್ನು ಮೇಲೆ ಕಣ್ಣೇ ಮುಚ್ಚಬಾರದು. ಅದು ಆಗದ ಮಾತು ಎಂದೂ ಅವಳಿಗೆ ಗೊತ್ತಿತ್ತು.

"ಸುನಂದಾಗ ಫೋನ್ ಹಚ್ಚು," ಎಂದಳು ನೀಲಗಂಗಮ್ಮ. "ಹದಿನೈದು ದಿನ ಕಮಲಾಪುರದಾಗ ಇರ್ತೀನಿ."

ಕಮಲಾಪುರದಲ್ಲಿ ನರ್ಸ್ ಆಗಿದ್ದ ಮಗಳು ಸುನಂದಾ ತಾಯಿಯನ್ನು ಕಳಿಸೆಂದು ಎಷ್ಟೋ ಸಲ ಕೇಳಿದ್ದಳು. ಬೇಡವೆಂದವಳು ಅಂಬಿಕಾಳೇ.

"ಅತ್ತೀನ ಬೀಳಿಸಿ ಮಗಳ ಮನಿಗಿ ಸಾಗ್ಹಾಕಿದ್ಳು ಅಂತಾರ್ರಿ ಮಂದಿ."

"ಅಂದ್ರ ಅನ್ನಲಿ. ಮಂದಿ ಬಂದು ನನ್ನ ಸೀರಿ ಒಗೀತಾರೇನು?"

ಪಕ್ಕದ ಮನೆಯ ಖಾಜಾ ತನ್ನ ಆಟೊದಲ್ಲಿ ಇಬ್ಬರನ್ನೂ ಕರೆದೊಯ್ದ. ಬಿಸಿಲು ಏರುವ ಮೊದಲೇ ಕಮಲಾಪುರ ಮುಟ್ಟಿದರು. ಸುನಂದಾ ತಾಯಿಯ ಹುಬ್ಬಿಗೆ ಹೊಲಿಗೆ ಹಾಕಿಸಿ, ಮನೆಗೆ ತಂದು ಮಲಗಿಸಿದಳು. ಅಂಬಿಕಾ ಮಾತ್ರೆಗಳನ್ನು ತೋರಿಸಿದಳು, ಗಂಜಿ ಎಷ್ಟು ತೆಳ್ಳಗಿರಬೇಕೆಂದು ಹೇಳಿದಳು. ಬಾಗಿಲತನಕ ಹೋಗಿ ತಿರುಗಿ ಬಂದು ಅದನ್ನೇ ಹೇಳಿದಳು.

"ವೈನಿ, ಆಕಿ ನನಗೂ ಅವ್ವನೇ," ಎಂದಳು ಸುನಂದಾ, ಅತ್ತಿಗೆಯ ಕೈ ಹಿಡಿದು.

"ಬ್ಯಾಡ ತಗೋ, ನಾನೂ ಇಲ್ಲೇ ಇರ್ತೀನಿ. ರಾತ್ರಿ ನಿನಗ ಎಚ್ಚರ ಆಗ್ಲಿಲ್ಲಂದ್ರ?" ಎನ್ನುತ್ತಲೇ ಅಂಬಿಕಾಳಿಗೆ ಕಣ್ಣು ಕತ್ತಲಿಟ್ಟಿತು. ಗೋಡೆ ಹಿಡಿದಳು. ಸುನಂದಾ ಅವಳನ್ನು ಕುರ್ಚಿಯಲ್ಲಿ ಕೂರಿಸಿ ಬಿಪಿ ಯಂತ್ರ ತಂದಳು.

"ನನಗೇನಾಗ್ಯದ? ಅತ್ತಿದು ನೋಡು ಮೊದಲು."

"ನಂದು ದಿನಾ ನೋಡ್ತಿ," ಎಂದಳು ಮಂಚದಿಂದ ನೀಲಗಂಗಮ್ಮ. "ನಿಂದು ಯಾವಾಗ ನೋಡೀದಿ?"

ಅಂಬಿಕಾ ಬಿಪಿ ಯಂತ್ರದ ಪಟ್ಟಿಯನ್ನು ನೋಡಿದಳು. ತನಗಾಗಿ ಕೈ ಚಾಚುವುದು ಇಷ್ಟು ನಾಚಿಕೆಯ ಕೆಲಸವೆಂದು ಅವಳು ಅಂದುಕೊಂಡಿರಲಿಲ್ಲ. ಆದರೂ ಚಾಚಿದಳು. ಪಟ್ಟಿ ತೋಳಿಗೆ ಬಿಗಿಯಿತು, ಸಡಿಲಾಯಿತು. ಸುನಂದಾ ಮತ್ತೊಮ್ಮೆ ಅಳೆದಳು.

"ವೈನಿ, ಇವತ್ತು ನೀವು ಎಲ್ಲಿಗೂ ಹೋಗಂಗಿಲ್ಲ. ಡಾಕ್ಟರಿಗಿ ತೋರಿಸಿ, ಇಲ್ಲೇ ಮಲ್ಕೋರಿ."

ಅಂಬಿಕಾ ಬೇಡವೆನ್ನಲಿಲ್ಲ. ರಕ್ತದೊತ್ತಡ 182/114 ಇತ್ತು.